ಒರೆಸದ ಎಲೆ

ಕೊಡಿಗೇಹಳ್ಳಿಯ ಹಳೆಯ ಮನೆತನಗಳ ಸಂಘಕ್ಕೆ ಆ್ಯಪ್ ಮಾಡಿಕೊಟ್ಟವಳು ಅದೇ ಊರಿನ ಶಶಿರೇಖಾ. ಹುಟ್ಟಿದೂರಿನಲ್ಲಿ ಕೆಲಸ ಬಲ್ಲವಳೆಂಬ ಹೆಸರು ಅವಳಿಗೆ ಬೇಕಿತ್ತು. ಬೀದಿವಾರು ಹೆಸರುಗಳು, ಪಕ್ಕದಲ್ಲಿ ಭಾವಚಿತ್ರ. ತೀರಿಕೊಂಡ ಹಿರಿಯರದಾದರೆ ಹಾರ ಹಾಕಿದ್ದು. ಅಧ್ಯಕ್ಷ ಬ್ಯಾಟರಾಯಪ್ಪ ಪಟ್ಟಿಯನ್ನು ಸರಿಸುತ್ತ ತಮ್ಮ ಹೆಸರಿಗೆ ಬಂದರೆ, ಪಕ್ಕದಲ್ಲಿ ಮುನಿವೆಂಕಟಯ್ಯನ ಹಾರದ ಚಿತ್ರ. ಬದುಕಿದ್ದಷ್ಟು ಕಾಲ ಅವನೊಡನೆ ಇವರಿಗೆ ಮಾತಿರಲಿಲ್ಲ.

ಸಂಘದ ಕೋಣೆಗೆ ಅವಳನ್ನು ಕರೆಸಿದರು.

“ಏನಮ್ಮಾ, ಉಸುರಾಡ್ತಿರೋವಾಗ್ಲೇ ನಂಗೆ ಆರ ಆಕ್ಬುಟ್ಟೆಯಾ?”

“ನೀವು ಫೋಟೋನೇ ಕೊಟ್ಟಿಲ್ವಲ್ಲ ಮಾವ. ಹಳೇದು ಹಂಗೇ ಉಳ್ಕೊಂಡಿತ್ತು.”

ಫೋನಿನ ನೆನಪು ಚಿಕ್ಕದು. ಪಟ್ಟಿ ಎಷ್ಟೇ ಉದ್ದವಿರಲಿ, ಪರದೆ ತುಂಬುವಷ್ಟು ಸಾಲುಗಳನ್ನಷ್ಟೇ ಕಟ್ಟುತ್ತಾರೆ. ಮೇಲೆ ಮರೆಯಾದ ಸಾಲೇ ಕೆಳಗಿನಿಂದ ಹೊಸ ಹೆಸರು ಹೊತ್ತು ಬರುತ್ತದೆ. ಬರುವ ಮುನ್ನ ಹಳೆಯ ಚಿತ್ರವನ್ನು ಅಳಿಸಬೇಕು. ಆ ಒಂದು ಆದೇಶ ಬರೆಯಲು ಶಶಿರೇಖಾ ಮರೆತಿದ್ದಳು. ತಿಳಿದೊಡನೆ ತಿದ್ದಿಯೂ ಇದ್ದಳು. ಅಲ್ಲಿಗೆ ಸುಮ್ಮನಾಗಬಹುದಿತ್ತು. ಉಪಮೆಯಿಂದ ವಿಜ್ಞಾನ ತಿಳಿಯುತ್ತದೆಂಬ ನಂಬಿಕೆ ನನಗಿಲ್ಲ, ಅವಳಿಗಿತ್ತು.

“ಊಟದ ಸಾಲಿದ್ದಂಗೆ ಮಾವ. ಎದ್ದೋರ ಎಲೇನೇ ಒರೆಸಿ, ಮುಂದೆ ಕೂತೋರಿಗೆ ಹಾಕೋದು. ನಾನು ಒರೆಸೋದು ಮರ್ತೆ.”

ಬ್ಯಾಟರಾಯಪ್ಪ ಎದ್ದು ನಿಂತರು. “ಅವನ ಎಂಜಲೆಲೇಲಿ ನಂಗೆ ಇಕ್ಕಿದ್ದಾ? ಒಬ್ಬೊಬ್ರಿಗೂ ಬ್ಯಾರೆ ಬ್ಯಾರೆ ಎಲೆ ಆಕು!”

“ಹಾಕಿದ್ರೆ ಜಾಗ ಸಾಲ್ದೆ ಆ್ಯಪೇ ಮುಚ್ಕೊಳುತ್ತೆ. ನಾನು ಹಾಕಲ್ಲ.”

“ಸೊಕ್ಕು ನೋಡ್ರಪ್ಪಾ ಇವಳ್ದು!”

ಕೆಲಸ ಅವರ ತಮ್ಮನ ಮಗ ಮುನೇಶನ ಪಾಲಾಯಿತು. ಅವನು ಪ್ರತಿ ಹೆಸರಿಗೂ ಬೇರೆ ಸಾಲು ಕಟ್ಟಿ, ಚಿತ್ರಗಳನ್ನೆಲ್ಲ ಒಟ್ಟಿಗೇ ತುಂಬಿಟ್ಟ. ಮುಂದಿನ ಸಭೆಯಲ್ಲಿ ಪಟ್ಟಿ ಅರ್ಧಕ್ಕೆ ತೊದಲಿ ಆ್ಯಪ್ ಮುಚ್ಚಿಕೊಂಡಿತು. ಮತ್ತೆ ತೆರೆದರು; ಮತ್ತೆ ಮುಚ್ಚಿತು. ಅವಳು ಹೇಳಿದ್ದೇ ನಡೆಯಿತೆಂಬುದು ಅವಳ ಪರವಾದ ಸಾಕ್ಷಿಯಾಗಬೇಕಿತ್ತು. ಸಭೆಗೆ ಅದೇ ಅವಳ ಅಪರಾಧದ ಸಾಕ್ಷಿ.

“ಮುಂಚೇನೇ ಎಂಗೆ ಗೊತ್ತಿತ್ತು ಇವಳ್ಗೆ? ಒಳಗೇನೋ ಇಟ್ಟು ಓಗವ್ಳೆ!” ಎಂದರು ಬ್ಯಾಟರಾಯಪ್ಪ.

ಕಾರಣ ಬಲ್ಲ ಮುನೇಶ ಹೌದೆಂದು ತಲೆಯಾಡಿಸಿದ. ಅಂದಿನಿಂದ ಬೀದಿಯಲ್ಲಿ ಅವಳು ‘ಎಂಜಲೆಲೆ ಶಶಿ’.

ಆ ವಾರವೇ ಅವನ ಕರೆ ಬಂತು. “ಅಕ್ಕಾ, ನೀವು ಬರ್ದಿದ್ದ ಹಳೇ ಕೋಡು ಒಸಿ ಕಳಿಸ್ರಕ್ಕಾ. ದೊಡ್ಡಪ್ಪಂಗೆ ಗೊತ್ತಾಗೋದು ಬೇಡ.”

“ದೊಡ್ಡಪ್ಪನ ಮುಂದೆ ಸ್ಪೀಕರ್ ಹಾಕಿ ಕೇಳೋ. ಆ ಕ್ಷಣ ಕಳಿಸ್ತೀನಿ.”

“ಅದೊಂದ್ ಆಗಲ್ಲ ಅಕ್ಕಾ.”

“ಹಂಗಾದ್ರೆ ಇಡು ಫೋನು.”

ಅವನು ಇಟ್ಟ. ಆ್ಯಪ್ ಇಂದಿಗೂ ಅರ್ಧಕ್ಕೇ ಮುಚ್ಚಿಕೊಳ್ಳುತ್ತದೆ. ಪ್ರತಿ ಸಲವೂ ಯಾರಾದರೊಬ್ಬರು ಅವಳನ್ನು ಬೈಯುತ್ತಾರೆ.