ಶಾಂತವ್ವನ ಕೈ, ನನ್ನ ಮುದ್ದೆ

ಶಾಂತವ್ವ ನಮ್ಮ ಹಿತ್ತಲ ಕಡೆ ಮನೆಗೆ ಬಾಡಿಗೆಗೆ ಬಂದ ಮೊದಲನೇ ವಾರಾನೇ ಅವಳನ್ನ ಖಾಲಿ ಮಾಡಿಸ್ಬೇಕು ಅಂತ ನಾನು ತೀರ್ಮಾನ ಮಾಡಿದ್ದೆ. ಕಾರಣ ಇಷ್ಟೇ, ಸದ್ದು. ರಾಜಾಜಿನಗರದಲ್ಲಿ ಹಾಲಿನ ಸೈಕಲ್ ಬೆಲ್ ಕೇಳೋಕೂ ಮುಂಚೆ ಗೋಡೆಯಾಚೆ ಪಟ್ ಪಟ್ ಪಟ್ ಅಂತ ಶುರುವಾಗೋದು. ನಮ್ಮೆಜಮಾನ್ರು ಬೈರಯ್ಯ ದಿಂಬಲ್ಲಿ ಕಿವಿ ಮುಚ್ಕೊಂಡು, "ಏನೇ ಚಿಕ್ಕಗಂಗಾ, ಆ ಯಮ್ಮ ನಮ್ಮ ಗೋಡೆ ಒಡೀತಾ ಇದಾಳಾ?" ಅಂದ್ರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಜಗಳಕ್ಕೇ ಅಂತ ಹೋದೆ.

ಹೋಗಿ ನೋಡಿದ್ರೆ ಒಲೆ ಮುಂದೆ ಕೂತ್ಕೊಂಡು ಜೋಳದ ರೊಟ್ಟಿ ಬಡೀತಿದ್ಳು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ, ಅಂಗೈ ಏಟಿಗೆ ತಾನೇ ತಾನಾಗಿ ತಿರುಗ್ತಾ ತಿರುಗ್ತಾ ಹಂಚಿನಷ್ಟು ಅಗಲ ಆಗೋದು. ನಾನು ಬಾಯಿ ಬಿಡೋಕೆ ಮುಂಚೆ ಅವಳೇ, "ಬರ್ರಿ ಅಕ್ಕಾರ, ಬಿಸಿ ಐತಿ, ಒಂದು ತಿನ್ರಿ" ಅಂದು, ಬೆಣ್ಣೆ ಸವರಿ ಎಣ್ಗಾಯಿ ಜೊತೆ ಕೈಗಿಟ್ಳು. ತಿಂದೆ. ಇನ್ನೊಂದೂ ತಿಂದೆ. ಜಗಳ ಆಡೋಕೆ ಬಂದಿದ್ದೆ ಅನ್ನೋದೇ ಮರ್ತೋಯ್ತು.

ಗದಗದ ಕಡೆಯೋಳು. ಗಂಡ ಬಿನ್ನಿಪೇಟೆ ಕಡೆ ಮಿಲ್ಲಿಗೆ ಹೋಗ್ತಿದ್ದೋರು, ಜ್ವರ ಬಂದು ತೀರ್ಕೊಂಡಿದ್ರು. ಮಕ್ಕಳಿಲ್ಲ. ಮೈದುನ ಸೋಮಲಿಂಗಪ್ಪ ಊರಿಗೆ ಬಾ ಅಂತ ಕರೆದ್ರಂತೆ. ಇವಳು ಒಪ್ಪಲಿಲ್ಲ. "ಮೈದುನನ ಮನಿ ಮೂಲ್ಯಾಗ ಕುಂತು, ಅವರು ನೀಡಿದಾಗ ಉಣ್ಣೂದು ನನಗ ಆಗಂಗಿಲ್ರಿ ಅಕ್ಕಾರ. ಕೈ ನಡಿಯೂತನಕ ನಾ ಇಲ್ಲೇ ಇರಾಕಿ" ಅನ್ನೋಳು. ಆ ಕೈ ನಂಬ್ಕೊಂಡೇ ಖಾನಾವಳಿ ಶುರು ಮಾಡಿದ್ಳು. ಅವರ ಕಡೆ ಊಟದ ಮನೆಗೆ ಹಂಗಂತಾರೆ. ಫ್ಯಾಕ್ಟ್ರಿ ಹುಡುಗ್ರು, ಆಫೀಸ್ ಗುಮಾಸ್ತ್ರು, ಎಲ್ಲಾ ಅವರ ಕಡೆಯೋರೇ, ಎರಡು ಹೊತ್ತೂ ಬಂದು ಚಾಪೆ ಮೇಲೆ ಕೂತು ಉಣ್ಣೋರು. ಮೊದಲೇ ಮಾಡಿಟ್ಟ ರೊಟ್ಟಿ ಬಡಿಸೋ ಪದ್ಧತಿನೇ ಇಲ್ಲ. ಉಣ್ಣೋನ ತಟ್ಟೆ ಖಾಲಿ ಆಗೋದಕ್ಕೂ ಹಂಚಿಂದ ಇನ್ನೊಂದು ಇಳಿಯೋದಕ್ಕೂ ಸರಿಹೋಗ್ಬೇಕು, ಅದು ಅವಳ ಹಠ.

ನಂಗೆ ಟೈಫಾಯಿಡ್ ಬಂದು ಹಾಸಿಗೆ ಹಿಡಿದಾಗ, ಅಷ್ಟು ಜನಕ್ಕೆ ಬಡಿಸಿ ಮುಗಿಸಿ, ನಂಗೆ ಗಂಜಿ ಕಾಸ್ಕೊಂಡು ಬಂದು ಚಮಚದಲ್ಲಿ ಕುಡಿಸಿದೋಳು ಅವಳು. ನಮ್ಮ ಸ್ವಂತ ನೆಂಟ್ರು ಬಾಗಿಲಲ್ಲೇ ನಿಂತು ವಿಚಾರಿಸ್ಕೊಂಡು ಹೋದ್ರು. ಅದನ್ನ ನಾನು ಸಾಯೋವರ್ಗೂ ಮರೆಯಲ್ಲ.

ಎಂಬತ್ನಾಲ್ಕನೇ ಇಸವಿ ಬೇಸಿಗೇಲಿ ಯಾರದೋ ಮದುವೆಗೆ ಖಡಕ್ ರೊಟ್ಟಿ ಒಪ್ಕೊಂಡ್ಳು. ತಿಂಗಳುಗಟ್ಟಲೆ ಇಟ್ರೂ ಕೆಡದೆ ಇರೋ ಒಣ ರೊಟ್ಟಿ, ಹಪ್ಪಳದ ಹಂಗೆ ಮುರಿಯತ್ತೆ. ಖಾನಾವಳಿ ಕೆಲಸದ ಮೇಲೆ ಇದೂ ಸೇರ್ಕೊಂಡು ಹಗಲೆಲ್ಲಾ ಬಡಿದದ್ದೇ ಬಡಿದದ್ದು. ಮದುವೆ ಮುಗೀತು, ಇವಳ ಬಲಗೈ ಹೆಬ್ಬೆರಳ ಬುಡದಲ್ಲಿ ನೋವು ಹಿಡ್ಕೊಳ್ತು. ಮೊದಮೊದ್ಲು ಹಂಚು ಎತ್ತುವಾಗ. ಆಮೇಲೆ ಸೆರಗು ಹಿಂಡುವಾಗ. ಕೊನೆಗೆ ನೀರಿನ ಲೋಟ ಹಿಡಿದ್ರೂ ಮುಖ ಹಿಂಡೋಳು.

ನಮ್ಮ ಬೀದಿ ಕೊನೇಲಿ ಪಟಾಲಮ್ಮ ಅಂತ ಮುದುಕಿ ಇದ್ಳು, ಕಾಲು ಮುಂದಾಗಿ ಹುಟ್ಟಿದೋಳು. ಹಂಗೆ ಹುಟ್ಟಿದೋರು ತುಳಿದ್ರೆ ಉಳುಕು ಬಿಟ್ಟೋಗತ್ತೆ ಅಂತ ಎಲ್ಲಾರೂ ಬೆನ್ನು ತುಳಿಸ್ಕೊಳ್ಳೋಕೆ ಅವಳ ಹತ್ರಾನೇ ಹೋಗೋದು. ಶಾಂತವ್ವಾನೂ ಹೋಗಿ ಕೈ ಒಡ್ಡಿದ್ಳು. ಪಟಾಲಮ್ಮ ಹರಳೆಣ್ಣೆ ಬಿಸಿ ಮಾಡಿ, ತಿಕ್ಕಿ, ಎಳೆದು, ಲಟಕ್ ಅನ್ನಿಸಿ, ಮೇಲಿಂದ ಕಾಲಲ್ಲೂ ಮೂರು ಸಲ ಒತ್ತಿ ಕಳಿಸಿದ್ಳು. ಮಾರನೇ ದಿನ ಮಣಿಕಟ್ಟು ಬದನೆಕಾಯಿ ಹಂಗೆ ಊದ್ಕೊಂಡಿತ್ತು. ನಾನು ಕೂಗಾಡಿ, ರಟ್ಟೆ ಹಿಡ್ಕೊಂಡು, ಬಸವೇಶ್ವರನಗರದಲ್ಲಿದ್ದ ಡಾಕ್ಟ್ರಮ್ಮ ಸತ್ಯವತಿ ಅವರ ಹತ್ರ ಕರ್ಕೊಂಡು ಹೋದೆ.

ಡಾಕ್ಟ್ರಮ್ಮ ಕೈ ಹಿಡಿದು ನೋಡಿದ್ರು. "ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟಿ. ಈಗ ಮುಷ್ಟೀನ ಕಿರುಬೆರಳಿನ ಕಡೆಗೆ ಬಗ್ಗಿಸಿ" ಅಂದ್ರು. ಬಗ್ಗಿಸಿದ್ದೇ ತಡ, "ಯವ್ವಾ ಸತ್ತೆ!" ಅಂತ ಶಾಂತವ್ವ ಕೂಗಿದ ಕೂಗಿಗೆ ಹೊರಗೆ ಕೂತಿದ್ದ ಪೇಶೆಂಟುಗಳೆಲ್ಲಾ ಎದ್ದು ನಿಂತ್ರು.

"ಇದು ಉಳುಕಲ್ಲ, ವಾಯುನೂ ಅಲ್ಲ. ಟೆಂಡನೈಟಿಸ್" ಅಂದ್ರು ಡಾಕ್ಟ್ರಮ್ಮ.

"ನಮಗೆ ಅರ್ಥ ಆಗೋ ಹಂಗೆ ಹೇಳಿ ಡಾಕ್ಟ್ರೇ" ಅಂದೆ ನಾನು.

ಅವರು ನಕ್ರು. "ಲಂಗಕ್ಕೆ ಲಾಡಿ ಹಾಕ್ತೀರಲ್ಲ, ಸೊಂಟದ ಮಡಿಕೆ ಒಳಗೆ? ಮಾಂಸಖಂಡಾನ ಮೂಳೆಗೆ ಕಟ್ಟಿರೋದೂ ಇಂಥ ಲಾಡಿಗಳೇ. ಮಣಿಕಟ್ಟಿನ ಹತ್ರ ಒಂದು ಮಡಿಕೆ ಒಳಗೆ ಹಿಂದೆ ಮುಂದೆ ಸರಿದಾಡ್ತಾ ಇರ್ತವೆ. ದಿನಾ ಅದೇ ಕೆಲಸ, ಅದೇ ಕೈ, ಬಿಡುವೇ ಇಲ್ಲ ಅಂದ್ರೆ ಲಾಡಿ ದಪ್ಪ ಆಗತ್ತೆ, ಮಡಿಕೆ ಬಿಗಿ ಆಗತ್ತೆ. ಆಮೇಲೆ ಎಳೆದಾಗೆಲ್ಲಾ ಉಜ್ಜತ್ತೆ. ಅದನ್ನ ಎಣ್ಣೆ ಹಾಕಿ ತಿಕ್ಕಿ ಎಳೆದ್ರೆ ಇನ್ನೇನಾಗತ್ತೆ?" ಟೈಲರ್‌ಗಳಿಗೆ ಭುಜ, ಟೈಪಿಸ್ಟ್‌ಗಳಿಗೆ ಮಣಿಕಟ್ಟು, ನೀರು ಸೇದೋರಿಗೆ ಮೊಣಕೈ, ಕೂತು ನೆಲ ಒರೆಸೋರಿಗೆ ಮಂಡಿ, ಹಿಂಗೇ ದಿನಾ ನೋಡ್ತೀನಿ ಅಂದ್ರು. ಹೆಬ್ಬೆರಳು ಅಲ್ಲಾಡದ ಹಂಗೆ ಪಟ್ಟಿ ಕಟ್ಟಿದ್ರು. ಬಟ್ಟೇಲಿ ಸುತ್ತಿ ಐಸ್ ಇಡಿ, ಮಾತ್ರೆ ತಗೊಳ್ಳಿ, ಬಲಗೈಗೆ ಪೂರ್ತಿ ರೆಸ್ಟ್ ಕೊಡಿ, ರೊಟ್ಟಿ ಮಾತ್ರ ಬೇಡವೇ ಬೇಡ ಅಂದ್ರು. "ಈಗ ಬಿಟ್ರೆ ವಾಸಿ ಆಗತ್ತೆ. ಬಿಡ್ದೇ ಹೋದ್ರೆ ಈ ಕೈ ನಿಮ್ಮ ಮಾತು ಕೇಳಲ್ಲ."

ಒಂದೆರಡು ದಿನ ಗೋಡೆಯಾಚೆ ಸದ್ದಿಲ್ಲ. ಅನ್ನ ಸಾರಲ್ಲೇ ಖಾನಾವಳಿ ನಡೀತು. ಆ ಸದ್ದಿಲ್ಲದೆ ನಂಗೆ ಎಚ್ಚರಾನೇ ಆಗ್ತಿರ್ಲಿಲ್ಲ ನೋಡಿ. ಆಮೇಲೊಂದು ಬೆಳಗ್ಗೆ ಮತ್ತೆ ಪಟ್ ಪಟ್ ಶುರುವಾಯ್ತು. ಆದ್ರೆ ಏನೋ ಕುಂಟ್ತಾ ಇದೆ. ಪಟ್, ನಿಲ್ತು. ಪಟ್ ಪಟ್, ಮತ್ತೆ ನಿಲ್ತು. ಎದ್ದು ಓಡಿದೆ. ಈ ಮಹಾತಾಯಿ ಬಲಗೈ ಪಟ್ಟೀನ ಮಡಿಲಲ್ಲಿಟ್ಕೊಂಡು ಎಡಗೈಲಿ ರೊಟ್ಟಿ ಬಡೀತಾ ಕೂತಿದ್ಳು!

"ಡಾಕ್ಟ್ರು ಬಲಗೈ ಅಷ್ಟ ಅಂದಾರಲ್ರಿ ಅಕ್ಕಾರ" ಅಂದ್ಳು, ತಪ್ಪೇ ಇಲ್ಲದೋರ ಥರ.

ಬೈದೆ. ಕೇಳಲಿಲ್ಲ. ಶ್ರಾವಣ ಬರೋ ಹೊತ್ತಿಗೆ ಎಡಗೈ ಮಣಿಕಟ್ಟೂ ಊದ್ಕೊಂಡು ಕೂತ್ಕೊಳ್ತು. ಈಗ ತಲೆ ಬಾಚ್ಕೊಳ್ಳೋಕೂ ನಾನೇ ಬೇಕು. ಜಡೆ ಹಾಕ್ತಾ ಇದ್ದಾಗ ಬಿಕ್ಕಿ ಬಿಕ್ಕಿ ಅತ್ಲು. ನೋವಿಗೆ ಅಂದ್ಕೊಂಡ್ರೆ ಅಲ್ಲ. "ಎಡಗೈಲೆ ಬಡಿದ ರೊಟ್ಟಿ ಮಂದಿಗೆ ಉಣಿಸಿಬಿಟ್ಟೆ ಅಕ್ಕಾರ. ಅದಕ್ಕ ಶಿವ ಆ ಕೈನೂ ಕಸ್ಕೊಂಡ."

ನಂಗೆ ಸಿಟ್ಟು ನೆತ್ತಿಗೇರ್ತು. "ಶಿವಂಗೆ ಬೇರೆ ಕೆಲಸ ಇಲ್ವೇನೇ? ನಿನ್ನ ಕೈ ಲಾಡಿ ಊದಿಸ್ಕೊಂಡು ಕೂತಿರ್ತಾನಾ? ಡಾಕ್ಟ್ರಮ್ಮ ರೆಸ್ಟ್ ಕೊಡು ಅಂದಿದ್ದು ಕೆಲಸಕ್ಕೆ ಕಣೇ, ಒಂದು ಕೈಗಲ್ಲ!"

ಖಾನಾವಳಿ ನಿಲ್ಲಬಾರ್ದು ಅಂತ ನಾನೇ ಒಲೆ ಮುಂದೆ ಕೂತೆ. ರೊಟ್ಟಿ ಬಡಿಯೋಕೆ ನೋಡಿದೆ, ಹರಿದು ಹರಿದು ಹಂಚಿನ ಮೇಲೆ ಚೂರು ಚೂರಾಯ್ತು. ಹಾಳಾಗೋಗ್ಲಿ, ನಂಗೆ ಬರೋದು ಮುದ್ದೆ, ಅದನ್ನೇ ಮಾಡ್ತೀನಿ ಅಂದೆ. ದೊಡ್ಡ ಪಾತ್ರೆ, ರಾಗಿ ಹಿಟ್ಟು, ಮುದ್ದೆ ಕೋಲು, ಜೊತೆಗೆ ಹುರುಳಿ ಬಸ್ಸಾರು.

ಪೀಣ್ಯದ ಫ್ಯಾಕ್ಟ್ರೀಲಿ ಫಿಟ್ಟರ್ ಆಗಿದ್ದ ಪಂಚಾಕ್ಷರಿ ಮೊದಲನೇ ಪಂಕ್ತೀಲಿ ಕೂತಿದ್ದ. ತಟ್ಟೆಗೆ ಬಿದ್ದ ಮುದ್ದೇನ ಬಗ್ಗಿ ನೋಡ್ದ. ದೊಡ್ಡ ತುತ್ತು ಮುರಿದು ಬಾಯಿಗಿಟ್ಟು ಅಗಿಯೋಕೆ ಶುರು ಮಾಡ್ದ. ಅಗಿದ, ಅಗಿದ, ಅಗೀತಾನೇ ಇದ್ದ. ಹಲ್ಲಿಗೆಲ್ಲಾ ಅಂಟ್ಕೊಂಡು ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದೋರ್ದೂ ಅದೇ ಪಾಡು.

"ಅಯ್ಯೋ ನಿಮ್ಮ, ಅಗೀಬಾರ್ದು ಕಣ್ರೋ! ಸಾರಲ್ಲಿ ಅದ್ದಿ ನುಂಗ್ಬೇಕು!"

"ಅಗಿಲಾರದ ನುಂಗಿದ್ರ ಊಟ ಮಾಡಿದಂಗ ಹೆಂಗ ಆಕ್ಕೈತ್ರಿ ಅಕ್ಕಾರ?" ಅಂದ ಪಂಚಾಕ್ಷರಿ, ಬಾಯಿ ಬಿಡೋಕಾಗದೆ. ಶಾಂತವ್ವ ಮೂಲೇಲಿ ಎರಡೂ ಕೈ ಮಡಿಲಲ್ಲಿಟ್ಕೊಂಡು ಕೂತಿದ್ದೋಳು, ಬಹಳ ದಿನ ಆದ್ಮೇಲೆ ನಕ್ಕಳು.

ಬೈಕೊಂಡು, ನುಂಗಿಕೊಂಡು, ನೀರು ಕುಡ್ಕೊಂಡು ಉಂಡ್ರು. ಒಬ್ಬನೂ ಬೇರೆ ಕಡೆ ಹೋಗ್ಲಿಲ್ಲ.

ಗೌರಿ ಹಬ್ಬದ ಹಿಂದಿನ ವಾರ ಮೈದುನ ಸೋಮಲಿಂಗಪ್ಪ ಬಂದ್ರು, ಅತ್ತಿಗೇನ ಕರ್ಕೊಂಡು ಹೋಗೋಕೆ. ಒಳ್ಳೇ ಮನುಷ್ಯಾನೇ, ಕೆಟ್ಟೋರು ಅಂತ ಹೇಳಲ್ಲ. "ವೈನಿ, ಎರಡೂ ಕೈ ಬಿದ್ದಾವ ಅಂತ ಕೇಳಿದೆ. ಇನ್ನ ಇಲ್ಲೇನ ಮಾಡ್ತಿ? ನಡಿ ಊರಿಗೆ" ಅಂದ್ರು. ಶಾಂತವ್ವ ಹೊರಡೋಕೆ ಎದ್ದೇಬಿಟ್ಳು. ಕೈ ನಡಿಯೋತನಕ ಇರ್ತೀನಿ ಅಂದಿದ್ಳು, ಕೈ ನಡೀತಿಲ್ಲ, ಅಷ್ಟೇ ಅವಳ ಲೆಕ್ಕ. ಪಾತ್ರೆ, ಎರಡು ಸೀರೆ, ಲಿಂಗದ ಪೂಜೆ ಸಾಮಾನು ಎಲ್ಲಾ ಟ್ರಂಕಿಗೆ ಹಾಕಿದ್ಳು. ಬೀಗ ಮುರಿದಿದ್ದ ಟ್ರಂಕು, ಹಗ್ಗ ಬಿಗೀಬೇಕು. ಹಗ್ಗ ಹಿಡ್ಕೊಂಡು ನನ್ನ ಮುಂದೆ ಬಂದು ನಿಂತ್ಳು.

"ಸ್ವಲ್ಪ ಕಟ್ಟಿಕೊಡ್ರಿ ಅಕ್ಕಾರ. ನನ್ನ ಕೈಲಿ ಆಗವಲ್ದು."

ನಾನು ಜೋರಾಗೇ ಅಂದೆ, "ನಾನು ಕಟ್ಟಲ್ಲ. ನಿನ್ನ ಕೈಲಿ ಯಾವತ್ತು ಗಂಟು ಹಾಕೋಕಾಗತ್ತೋ ಅವತ್ತು ನೀನೇ ಕಟ್ಕೊಂಡು ಹೋಗು. ಅಲ್ಲೀವರ್ಗೂ ಬಾಗಿಲು ದಾಟಿದ್ರೆ ನೋಡು!"

ಅಷ್ಟೊತ್ತಿಗೆ ಊಟದ ಹೊತ್ತಾಯ್ತು. ಸೋಮಲಿಂಗಪ್ಪಂಗೂ ಮುದ್ದೆ ಹಾಕಿದೆ. ಅವರೂ ಅಗಿಯೋಕೆ ಶುರು ಮಾಡಿದ್ರು. ಬಾಯಿ ಸ್ವಲ್ಪ ಖಾಲಿ ಆದ್ಮೇಲೆ ಪಂಚಾಕ್ಷರೀನ ಕೇಳಿದ್ರು, "ತಮ್ಮಾ, ದಿನಾ ಇದನ್ನ ಉಣ್ಣಾಕತ್ತೀರೇನು?"

"ಹೌದ್ರಿ. ಅವ್ವನ ಕೈ ನೆಟ್ಟಗ ಆಗೂತನಕ ಇದನ್ನ ಉಣ್ತೀವಿ" ಅಂದ ಅವನು, ತಲೆ ಎತ್ತದೆ.

ಸೋಮಲಿಂಗಪ್ಪ ಸುತ್ತಲೂ ಕೂತಿದ್ದೋರ ಮುಖಗಳನ್ನ ನೋಡಿದ್ರು. ತಟ್ಟೇಲಿದ್ದದ್ದನ್ನ ಕಷ್ಟಪಟ್ಟು ಮುಗಿಸಿ, ಕೈ ತೊಳ್ಕೊಂಡು, "ಇಲ್ಲೇ ಇರು ವೈನಿ. ಇಷ್ಟು ಮಂದಿ ಅದಾರಂದ್ರ ನಾ ಯಾವ ಬಾಯಿಲೆ ಕರೀಲಿ" ಅಂದು ಒಬ್ರೇ ಹೊರಟ್ರು. ಅವರಿಗೂ ನಾನು ಕೈ ಮುಗಿದೆ.

ಆಮೇಲಿಂದ ಶಾಂತವ್ವ ಡಾಕ್ಟ್ರಮ್ಮನ ಮಾತು ದೇವರ ಮಾತು ಅಂತ ಕೇಳಿದ್ಳು. ಐಸ್ ಕ್ಯಾಂಡಿ ಗಾಡಿಯೋನು ದಿನಾ ಒಂದು ಗಡ್ಡೆ ಐಸ್ ಕೊಟ್ಟೋಗೋನು. ಊತ ಇಳಿದ ಮೇಲೆ ಡಾಕ್ಟ್ರಮ್ಮ ಪಟ್ಟಿ ಬಿಚ್ಚಿ ಮೆಲ್ಲಗೆ ಬೆರಳು ಆಡಿಸೋದು ಕಲಿಸಿದ್ರು, ಆಮೇಲೆ ಬಟ್ಟೆ ಉಂಡೆ ಹಿಸುಕೋದು. ಸುಮ್ನೆ ಕಟ್ಟಿಟ್ಕೊಂಡೇ ಇದ್ರೂ ಕೈ ಮರಗಟ್ಟತ್ತೆ, ಆತುರಪಟ್ರೂ ಕೆಡತ್ತೆ ಅಂತ ಹೇಳೋರು. ಚೂರು ನೋವು ಅಂದ್ರೆ ಸಾಕು, ನಿಲ್ಲಿಸ್ಬೇಕು. ನೋವು ತಡ್ಕೊಳ್ಳೋದೇ ದೊಡ್ಡಸ್ತಿಕೆ ಅಂದ್ಕೊಂಡಿದ್ದ ಹೆಂಗಸು, ನೋವು ಅಂತ ಬಾಯಿಬಿಟ್ಟು ಹೇಳೋದನ್ನ ಕಲಿತ್ಲು.

ಈ ಗಲಾಟೇಲಿ ನನ್ನ ಭುಜ ಹಿಡ್ಕೊಂಡಿತ್ತು. ಅಷ್ಟು ಜನದ ಮುದ್ದೆ ತಿರುವೋದು ಅಂದ್ರೆ ಹುಡುಗಾಟಾನಾ? ಬಲಗೈ ಭುಜದಿಂದ ಮೇಲೆ ಎತ್ತೋಕಾಗ್ತಿರ್ಲಿಲ್ಲ. ಡಾಕ್ಟ್ರಮ್ಮ ನೋಡಿ, "ಈಗ ನಿಮ್ಮ ಲಾಡಿ ಸರದೀನಾ?" ಅಂತ ಬೈದ್ರು.

ದಸರಾ ಮುಗಿದ ಮೇಲೆ ಶಾಂತವ್ವನಿಗೆ ಅಪ್ಪಣೆ ಸಿಕ್ತು. ಸಣ್ಣ ರೊಟ್ಟಿ, ಸ್ವಲ್ಪವೇ, ನಡುನಡುವೆ ಬಿಡುವು, ಹಿಟ್ಟು ನಾದೋದು ಮಾತ್ರ ಬೇರೆಯೋರು. ಖಾನಾವಳಿ ಹುಡುಗ್ರು ಸರದಿ ಹಾಕ್ಕೊಂಡ್ರು, ನಾದಿದೋನಿಗೆ ಮೊದಲನೇ ರೊಟ್ಟಿ ಅಂತ ಪದ್ಧತಿ ಮಾಡ್ಕೊಂಡ್ರು. ಅವತ್ತು ಬೆಳಗ್ಗೆ ಹಾಸಿಗೇಲಿ ಮಲಗಿದ್ದಂಗೇ ಕೇಳಿಸ್ತು. ಪಟ್ ಪಟ್ ಪಟ್. ಕುಂಟ್ತಿರ್ಲಿಲ್ಲ. ಬೈರಯ್ಯನೋರು ಎದ್ದು ಕೂತು, "ಬಂತಲ್ಲೇ!" ಅಂದ್ರು. ನಾನು ಸುಮ್ನೆ ಅತ್ತೆ.

ಎದ್ದು ಹೊರಗೆ ಬಂದ್ರೆ ಶಾಂತವ್ವ ಬಿಸಿ ರೊಟ್ಟಿ ಹಿಡ್ಕೊಂಡು ಅಂಗಳದಲ್ಲಿ ನಿಂತಿದ್ಳು. "ಪಂಚಾಕ್ಷರಿ ನಾದ್ಯಾನ. ಮೊದಲನೇದು ಅಕ್ಕಾರಿಗೆ ಕೊಡು ಅಂದ" ಅಂದ್ಳು. ನನ್ನ ಕೈ ಏಳ್ದೇ ಇದ್ದದ್ದು ನೋಡಿ, ತಾನೇ ಮುರಿದು, ಬಲಗೈಲಿ ನನ್ನ ಬಾಯಿಗಿಟ್ಲು. ಆಮೇಲೆ, "ಈಗ ನನ್ನ ಕೈಲಿ ಗಂಟು ಹಾಕಾಕ ಆಕ್ಕೈತ್ರಿ ಅಕ್ಕಾರ. ಟ್ರಂಕಿನ ಹಗ್ಗ ಕಟ್ಟಿದೆ" ಅಂದ್ಳು.

ನಾನೇ ಹೇಳಿದ್ದಲ್ವಾ, ಗಂಟು ಹಾಕೋಕಾದಾಗ ಹೋಗು ಅಂತ.

ಅವಳು ನನ್ನ ಹಿಂದೆ ಕೈ ತೋರಿಸಿದ್ಳು. ತಿರುಗಿ ನೋಡಿದೆ. ಟ್ರಂಕಿಗೆ ಅಂತ ತಂದಿದ್ದ ಹಗ್ಗ ನಮ್ಮ ನುಗ್ಗೆ ಮರದಿಂದ ಅವಳ ಮನೆ ಕಿಟಕಿ ಸರಳಿಗೆ ಬಿಗಿದಿತ್ತು. ನನ್ನ ಎರಡು ಸೀರೆ ಆಗಲೇ ಅದರ ಮೇಲೆ ಒಣಗ್ತಾ ಇದ್ವು.

"ನಿಮ್ಮ ಭುಜ ಎತ್ತೂದು ಬ್ಯಾಡಂತ ತಗ್ಗಿಸಿ ಕಟ್ಟೇನ್ರಿ" ಅಂದ್ಳು.

ನನ್ನ ಭುಜ ವಾಸಿ ಆಗಿ ಎಷ್ಟೋ ಕಾಲ ಆದ್ರೂ ಆ ಹಗ್ಗಾನ ನಾವ್ಯಾರೂ ಮೇಲೆ ಕಟ್ಟಲಿಲ್ಲ. ಬೈರಯ್ಯನೋರು ಹಿತ್ತಲಿಗೆ ಹೋಗುವಾಗೆಲ್ಲಾ ಕತ್ತಿಗೆ ತಗುಲಿಸ್ಕೊಂಡು ಬೈಕೊಂಡೇ ಬಗ್ಗಿ ಹೋಗೋರು.