ಅಡ್ಮಿನ್ ಯಾರೆಂದು ಕೇಳಿದ ಅಕ್ಕೋರು

ಇಂದುಮತಿ ಅಕ್ಕೋರಿಗೆ ಸಣ್ಣ ಸಿಟ್ಟು ಬಂದರೆ ಕನ್ನಡ, ದೊಡ್ಡ ಸಿಟ್ಟು ಬಂದರೆ ಮರಾಠಿ. ಗೋಕಾಕದ ನಮ್ಮ ಕಾಲೇಜಿನ ಗ್ರಂಥಪಾಲಕಿ ಅವರು. ಹುಕ್ಕೇರಿಯ ಜೈನರ ಮನೆಯವರು. ಓದದ್ದನ್ನು ಓದಿದೆನೆಂದು ಬರೆಯುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ.

ಒಮ್ಮೆ ಪ್ರಾಧ್ಯಾಪಕರೊಬ್ಬರು ತಮ್ಮ ಲೇಖನದ ಕೊನೆಗೆ ನಮ್ಮದೇ ಗ್ರಂಥಾಲಯದ ದಪ್ಪ ಪುಸ್ತಕವೊಂದನ್ನು ಹೆಸರಿಸಿದ್ದರು. ಅಕ್ಕೋರು ಆ ಪುಸ್ತಕ ಹಿಡಿದು ಸ್ಟಾಫ್ ರೂಮಿಗೇ ಬಂದರು. ಅದರ ಹಿಂಬದಿಗೆ ಅಂಟಿಸಿದ್ದ ತಾರೀಖಿನ ಚೀಟಿ ಖಾಲಿ ಇತ್ತು.

"ಸರ್, ಇದನ್ನ ಇಲ್ಲಿತನಕಾ ಯಾರೂ ಒಯ್ದಿಲ್ರಿ. ನೀವೇನ ಕಪಾಟಿನ ಹೊರಗ ನಿಂತ ಓದಿದ್ರೇನ?"

ಆ ಸರ್ ವರ್ಷವಿಡೀ ಗ್ರಂಥಾಲಯದ ಹೊಸ್ತಿಲು ತುಳಿಯಲಿಲ್ಲ.

ನನ್ನ ಸರದಿ ಬಂದದ್ದು ಬೀಸುವ ಹಾಡುಗಳ ಮೇಲೆ ಪುಸ್ತಕ ಬರೆಯುವಾಗ. ಹಾಡುಗಳು ಒಂದು ಜಾಲತಾಣದಲ್ಲಿದ್ದವು. ಪುಟದ ವಿಳಾಸ ಅಂಟಿಸಿದರೆ ಸಾಕು, ಬರೆದವರು, ಶೀರ್ಷಿಕೆ, ತಾರೀಖು ಎಲ್ಲ ತಾನೇ ಜೋಡಿಸಿ ಕೊಡುವ ತಂತ್ರಾಂಶ ನನಗೆ ಸಿಕ್ಕಿತ್ತು. ಒಂದೇ ಸಂಜೆಯಲ್ಲಿ ಆಕರಗಳ ಪಟ್ಟಿ ಮುಗಿಸಿ ಜಂಬದಿಂದ ಅಕ್ಕೋರ ಮುಂದಿಟ್ಟೆ. ಹಾಡುಗಳಿಗೆಲ್ಲ ಕರ್ತೃ ಒಬ್ಬನೇ: ಅಡ್ಮಿನ್.

"ಯಾರವ್ವಾ ಈ ಅಡ್ಮಿನ್? ಯಾವ ಊರಾಂವ? ಯಾವಾಗ ಜ್ವಾಳಾ ಬೀಸಿದ್ದ?"

"ಅದು ತಾನ ತಗೋತೈತ್ರಿ ಅಕ್ಕೋರ..."

"ಅದಕ್ಕ ಕಣ್ಣಿಲ್ಲ. ನಿನಗ ಅದಾವಲ್ಲ?"

ಪುಟದ ಕೆಳತುದಿಗೆ ಸಣ್ಣ ಅಕ್ಷರದಲ್ಲಿ 'ಹಾಡಿದವರು: ಗಂಗವ್ವ, ಮೂಡಲಗಿ' ಎಂದಿತ್ತು. ನಾನು ಅಲ್ಲಿಯವರೆಗೆ ಇಳಿದೇ ಇರಲಿಲ್ಲ. "ಬಸ್ಸಿಗೆ ಕುಂತರ ಮೂಡಲಗಿ ಎಷ್ಟ ದೂರ? ಹೋಗಿ ಆಕಿನ್ನ ಕೇಳಿ ಬಾ," ಎಂದರು. ಉಳಿದದ್ದೆಲ್ಲ ಮರಾಠಿಯಲ್ಲಿ.

ನಾನು ಹೋಗಲಿಲ್ಲ. ಅಡ್ಮಿನ್ ಅಳಿಸಿ ಗಂಗವ್ವ ಎಂದು ತುಂಬಿದೆ. ಎರಡು ವರ್ಷಕ್ಕೆ ಪುಸ್ತಕ ಅಚ್ಚಾಯಿತು. ಆ ಮೈಗಳ್ಳತನ ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಅಷ್ಟರಲ್ಲಿ ಅಕ್ಕೋರು ನಿವೃತ್ತರಾಗಿ ಹುಕ್ಕೇರಿಯಲ್ಲಿ ಹಾಸಿಗೆ ಹಿಡಿದಿದ್ದರು. ಮೊದಲ ಪ್ರತಿ ಅವರಿಗೇ ಒಯ್ದೆ. ಮುನ್ನುಡಿ, ಅರ್ಪಣೆ ಯಾವುದನ್ನೂ ನೋಡದೆ ಸೀದಾ ಕೊನೆಯ ಹಾಳೆಗಳಿಗೆ ಹೋದರು.

"ಗಂಗವ್ವ ಏನಂದ್ಲು?"

"ಹೋಗೇ ಇಲ್ರಿ ಅಕ್ಕೋರ," ಎಂದೆ. ಅಕ್ಕೋರು ಬೈಯಲಿಲ್ಲ. ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟರು. "ಮೊದಲ ಆಕಿಗಿ ತೋರಿಸಿ ಬಾ. ಆಮ್ಯಾಲ ನನಗ," ಎಂದು ಗೋಡೆಯ ಕಡೆ ಹೊರಳಿದರು.

ಮರುದಿನವೇ ಮೂಡಲಗಿಗೆ ಹೋದೆ. ಗಂಗವ್ವ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಹಾಡುಗಳನ್ನು ಓದಿಸಿಕೊಂಡು ಕೇಳಿ ಹಿಗ್ಗಿದಳು. ಕೊನೆಗೆ ನಾನು ಹೆಮ್ಮೆಯಿಂದ ಅವಳ ಹೆಸರಿನ ಮೇಲೆ ಬೆರಳಿಟ್ಟು ಓದಿದೆ. ಮುದುಕಿಯ ಮುಖ ಬಿಗಿಯಿತು.

"ಇವು ನನ್ನ ಹಾಡಲ್ಲ ತಂಗಿ. ನಮ್ಮತ್ತಿ ಕಾಶವ್ವ ಕಟ್ಟಿದ್ವು. ನಾ ಬರೇ ಹಾಡಿದಾಕಿ. ಫೋನಿನ್ಯಾಗ ತುಂಬಕೊಂಡ ಹೋದಾಂವಗೂ ಹೇಳಿದ್ನಿ. ಈಗ ಪುಸ್ತಕದಾಗ ನನ್ನ ಕಳ್ಳಿ ಮಾಡಿದ್ಯಲ್ಲ! ಒಂದ ಮಾತ ಕೇಳಾಕ ಬರಬಾರದಿತ್ತಾ?"

ಮರಳಿ ಬಂದು ಪ್ರತಿಗಳನ್ನೆಲ್ಲ ತರಿಸಿ, ಪೆನ್ನು ಹಿಡಿದು ಕಾಶವ್ವನ ಹೆಸರು ಬರೆಯುತ್ತ ಕುಳಿತೆ. ತಿದ್ದಿದ ಮೊದಲ ಪ್ರತಿ ಹಿಡಿದು ಹುಕ್ಕೇರಿಗೆ ಹೋದಾಗ ಅಕ್ಕೋರು ತೀರಿಕೊಂಡು ಎರಡು ದಿನವಾಗಿತ್ತು. ಎರಡು ದಿನ ತಡೆಯಬಾರದಿತ್ತೇ ಎಂದು ಖಾಲಿ ಹಾಸಿಗೆಯ ಮುಂದೆ ನಿಂತು ಅವರ ಮೇಲೆಯೇ ರೇಗಿದೆ. ಮೂಡಲಗಿಗೆ ಹೋಗಲು ಎರಡು ವರ್ಷ ಹಿಡಿದವಳು ನಾನು.