ಲುಕ್ಕಾದ ಊಟ ಸಪ್ಪೆ ಅಂದೆವು

ಇಟಲಿಗೆ ಹೋಗೋಣ ಎಂದು ಮೊದಲು ಬಾಯಿ ಬಿಟ್ಟವಳು ನಮ್ಮ ಆಸ್ಟಿನ್ ಗೆಳತಿ. ನಾವು ಮೂವರೂ ಕೆಲಸ ಶುರು ಮಾಡಿದ್ದು ಅಮೆರಿಕದ ಡಲ್ಲಾಸ್‌ನ ಒಂದೇ ಆಫೀಸಿನಲ್ಲಿ. ಆಮೇಲೆ ಅವಳು ಆಸ್ಟಿನ್ನಿಗೆ ಶಿಫ್ಟ್ ಆದಳು, ಇನ್ನೊಬ್ಬಳು ಹ್ಯೂಸ್ಟನ್ ಕಡೆಯ ಸೈಪ್ರೆಸ್‌ಗೆ ಹೋದಳು, ನಾನು ಡಲ್ಲಾಸ್ ಪಕ್ಕದ ಮೆಕಿನ್ನಿಯಲ್ಲೇ ಉಳಿದೆ. ಆಗಾಗ ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ಸೇರಿ, ದೋಸೆ ತಿಂದು, ಕೊಳ್ಳದ ಸೀರೆಗಳನ್ನೆಲ್ಲ ಬಿಚ್ಚಿಸಿ ನೋಡಿ ಬರುವುದು ನಮ್ಮ ಪದ್ಧತಿ. ಅಲ್ಲೇ ಅವಳು ಚಟ್ನಿ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಫೋನಿನಲ್ಲಿ ಲುಕ್ಕಾ ಎಂಬ ಪುಟ್ಟ ಊರನ್ನು ತೋರಿಸಿದ್ದು. ರೋಮು, ವೆನಿಸ್ಸು ಎಲ್ಲರೂ ನೋಡ್ತಾರೆ, ನಾವು ಒಂದು ದಿನ ಇಲ್ಲಿ ಸುಮ್ಮನೆ ತಿಂದು ತಿರುಗೋಣ ಎಂದಳು. ಯಾವ ಹೋಟೆಲು, ಅದರಲ್ಲಿ ಯಾವ ಟೇಬಲ್ಲು ಎನ್ನುವುದನ್ನೂ ಅವಳೇ ಗೊತ್ತು ಮಾಡಿದಳು.

ಹೊರಡುವ ಮುಂಚೆ ಅವಳ ಕೆಲಸ ಹೋಯಿತು. ಬೇರೆ ಕೆಲಸವೇನೋ ಬೇಗ ಸಿಕ್ಕಿತು, ಆದರೆ ಹೊಸ ಕಂಪನಿಗೆ ವೀಸಾ ಬದಲಾಗುವ ತನಕ ದೇಶ ಬಿಟ್ಟು ಕದಲಬೇಡಿ ಎಂದರು ಲಾಯರ್. ನಾವೂ ಟಿಕೆಟ್ ಕ್ಯಾನ್ಸಲ್ ಮಾಡ್ತೀವಿ ಎಂದೆವು. ಬೇಡ, ನೀವು ಹೋಗಿ ಬನ್ನಿ ಎಂದಳು. ಆ ಮಾತನ್ನು ಅವಳಿಂದ ಎರಡನೇ ಸಲ ಹೇಳಿಸದೆ ಹೊರಟುಬಿಟ್ಟೆವು.

ಲುಕ್ಕಾ ಅವಳು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಊರ ಸುತ್ತ ಕೋಟೆ ಗೋಡೆ, ಗೋಡೆಯ ಮೇಲೆ ರಸ್ತೆಯಷ್ಟು ಅಗಲದ ದಾರಿ, ಉದ್ದಕ್ಕೂ ಮರದ ನೆರಳು. ಒಂದು ಗೋಪುರದ ನೆತ್ತಿಯ ಮೇಲೂ ಮರಗಳು. ಕಾರಿಲ್ಲದೆ ಹಾಲು ತರಲೂ ಆಗದ ಊರಿನಿಂದ ಹೋದ ನಾವು ಕಾಲು ನೋಯುವಷ್ಟು ನಡೆದೆವು. ಮಧ್ಯಾಹ್ನ ಅವಳು ಗೊತ್ತು ಮಾಡಿದ್ದ ಟೇಬಲ್ಲಿನಲ್ಲೇ, ದ್ರಾಕ್ಷಿ ಬಳ್ಳಿಯ ಕೆಳಗೆ ಕೂತೆವು. ಗೋಧಿಯಂಥ ಕಾಳು ಹಾಕಿ ಬೇಯಿಸಿದ ಗಟ್ಟಿ ಸೂಪು ಬಂತು. "ಬೆಲ್ಲ ಹಾಕಿದ್ರ ನಮ್ಮ ಗೋಧಿ ಹುಗ್ಗಿನ ನೋಡ್ರಿ," ಎಂದಳು ಸೈಪ್ರೆಸ್‌ನವಳು. ಹುಬ್ಬಳ್ಳಿಯವಳು, ಗೆಳತಿಯರಿಗೂ ರೀ ತಪ್ಪಿಸುವುದಿಲ್ಲ. ಇಬ್ಬರೂ ಎರಡನೇ ಬಟ್ಟಲು ತರಿಸಿಕೊಂಡೆವು. ಯಾರ ಮಗಳನ್ನೂ ಕ್ಲಾಸಿಗೆ ಬಿಡಬೇಕಿಲ್ಲ, ಯಾವ ಮೀಟಿಂಗೂ ಇಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ಆಸ್ಟಿನ್ನಿನಿಂದ ಫೋನ್ ಬಂತು. ಅಲ್ಲಿ ಆಗ ಬೆಳಗಿನ ಕಾಫಿಯ ಹೊತ್ತು.

"ಹೆಂಗಿದೆ ಕಣ್ರೇ?" ಎಂದಳು, ಆಸೆಯಿಂದ.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬರಲಾಗದವಳ ಮುಂದೆ ಹೊಗಳುವುದು ಹೇಗೆ? ಹಸಿದವರ ಎದುರು ಎಲೆ ಹಾಕಿಕೊಂಡು ಕೂತ ಹಾಗಾಗುತ್ತದೆ.

"ಅಯ್ಯೋ, ಅಂಥದ್ದೇನಿಲ್ಲ ಕಣೇ," ಎಂದೆ. "ಊಟ ಬರೀ ಸಪ್ಪೆ. ಬಿಸಿಲು ಬೇರೆ. ನೀನು ಬರದೇ ಇದ್ದಿದ್ದೇ ಒಳ್ಳೇದಾಯ್ತು."

ಹುಬ್ಬಳ್ಳಿಯವಳೂ ದನಿಗೂಡಿಸಿ, ಗೋಪುರ ಹತ್ತಿ ಮೊಣಕಾಲು ಹೋಯಿತು ಅಂದಳು. ಫೋನ್ ಇಟ್ಟ ಮೇಲೆ, ದೊಡ್ಡ ಉಪಕಾರ ಮಾಡಿದವರ ಹಾಗೆ ಐಸ್‌ಕ್ರೀಂ ತಿನ್ನಲು ಹೋದೆವು.

ಸಂಜೆ ಅವಳ ಮೆಸೇಜು ಬಂತು. "ಸಾರಿ ಕಣ್ರೇ. ನನ್ನ ಮಾತು ಕೇಳಿ ನಿಮ್ಮ ಒಂದು ದಿನ ಹಾಳಾಯ್ತು. ನಾಳೆ ಊಟಕ್ಕೆ ಬೇರೆ ಜಾಗ ಹುಡುಕ್ತಾ ಇದೀನಿ, ಲಂಚ್ ಬ್ರೇಕಲ್ಲಿ ಕಳಿಸ್ತೀನಿ."

ಓದಿ ನಾಚಿಕೆಯಿಂದ ಕುಗ್ಗಿಹೋದೆ. ಹೊಸ ಆಫೀಸಿನಲ್ಲಿ ಇನ್ನೂ ಯಾರ ಮುಖವೂ ಸರಿಯಾಗಿ ಪರಿಚಯವಿಲ್ಲ, ಆದರೂ ನಮ್ಮ ಹೊಟ್ಟೆಗೆ ಊಟ ಹುಡುಕುತ್ತ ಕೂತಿದ್ದಾಳೆ. ಅವಳ ಪಾಲಿಗೆ ಉಳಿದಿದ್ದು ತನ್ನ ಆಯ್ಕೆ ಚೆನ್ನಾಗಿತ್ತು ಎಂಬ ಒಂದು ಸಂತೋಷ. ಅದನ್ನೂ ನಾವು ಕಸಿದುಕೊಂಡಿದ್ದೆವು. ತಡೆಯಲಾರದೆ ಫೋನ್ ಮಾಡಿ ಸೂಪು, ಬಳ್ಳಿಯ ನೆರಳು, ಎರಡನೇ ಬಟ್ಟಲು, ನಕ್ಕಿದ್ದು ಎಲ್ಲ ಹೇಳಿದೆ. ಸುಳ್ಳು ಹೇಳಿದ್ದು ಯಾಕೆ ಎನ್ನುವುದನ್ನೂ ಹೇಳಿದೆ. ಹೇಳಿ ಹಗುರಾಗಿದ್ದು ನಾನೊಬ್ಬಳೇ.

ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಅಂದ್ರೆ ನಾನಿಲ್ದೇ ಇದ್ರೂ ಚೆನ್ನಾಗೇ ಇತ್ತು," ಎಂದಳು. ದನಿಯಲ್ಲಿ ಕೋಪವಿರಲಿಲ್ಲ.

ನೀನಿಲ್ಲದೆ ತುಂಬ ಬೇಜಾರಾಯ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅಂದಿದ್ದರೆ ಅದು ಆ ದಿನದ ಇನ್ನೊಂದು ಸುಳ್ಳಾಗುತ್ತಿತ್ತು. ಫೋನ್ ಬರುವ ತನಕ ಅವಳ ನೆನಪೇ ನಮಗಿರಲಿಲ್ಲ.

"ಹೂಂ," ಎಂದೆ.

"ನಾಳೆ ನಾನು ಫೋನ್ ಮಾಡಲ್ಲ. ಆರಾಮಾಗಿ ತಿರುಗಿ," ಎಂದಳು.

ಮಾರನೆಯ ದಿನ ಅವಳು ಮಾಡಲಿಲ್ಲ. ಅದು ನನ್ನ ಗಮನಕ್ಕೆ ಬಂದಿದ್ದು ರಾತ್ರಿ ಮಲಗುವಾಗ.